ಕಾಲು ಮತ್ತೆ ಬರುತ್ತದೆ, ಮೊದಲು ನೀರು ನೋಡಿ

ಪ್ರಶ್ನೆ: ಒಂದೇ ತೊಟ್ಟಿಯಲ್ಲಿ ಎರಡು ಆಕ್ಸೊಲಾಟಲ್ ಮರಿಗಳಿವೆ. ಒಂದು ಇನ್ನೊಂದರ ಮುಂಗಾಲಿನ ತುದಿ ಕಚ್ಚಿಹಾಕಿದೆ. ಅರಿಸಿನ ಹಚ್ಚಬಹುದೇ?
- ಮೈಸೂರಿನ ಓದುಗರು

ಉತ್ತರ: ಖಂಡಿತ ಬೇಡ. ಡೆಟಾಲ್, ಮನುಷ್ಯರ ಮುಲಾಮು ಕೂಡ ಬೇಡ. ಆಕ್ಸೊಲಾಟಲ್‌ನಂಥ ಉಭಯವಾಸಿಗಳು ಚರ್ಮದಿಂದಲೂ ಉಸಿರಾಡುತ್ತವೆ. ಮೇಲೆ ಹಚ್ಚಿದ್ದು ಒಳಗೂ ಇಳಿಯುತ್ತದೆ. ಎರಡನ್ನೂ ಇವತ್ತೇ ಬೇರೆ ಮಾಡಿ. ಅವುಗಳಿಗೆ ದ್ವೇಷವಿಲ್ಲ, ಮರಿಗಳು ಅಲುಗಾಡಿದ್ದನ್ನೆಲ್ಲ ಆಹಾರವೆಂದೇ ಬಾಯಿಗೆ ಹಾಕುತ್ತವೆ. ಗಾಯಗೊಂಡದ್ದನ್ನು ಕ್ಲೋರಿನ್ ತೆಗೆದ ತಣ್ಣೀರಿನ ಡಬ್ಬಿಯಲ್ಲಿಟ್ಟು ದಿನಾ ಪೂರ್ತಿ ನೀರು ಬದಲಿಸಿ, ಎರೆಹುಳು ಕೊಡಿ. ಗಾಬರಿ ಬೇಡ, ಕಾಲು ಬೆಳೆಯುತ್ತದೆ. ಮರಿಗೆ ಕೆಲವು ವಾರ ಸಾಕು, ದೊಡ್ಡದಕ್ಕೆ ತಿಂಗಳುಗಳೇ ಬೇಕು. ಬೆರಳು ತುಸು ಸೊಟ್ಟಗೆ ಬಂದರೂ ಬರಬಹುದು.

ನೀರಿನ ಪರೀಕ್ಷೆ ಮಾಡಿಸಿದ್ದೀರಾ? ಪತ್ರದಲ್ಲಿ ಆ ಮಾತೇ ಇಲ್ಲ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೀರು ತಿಳಿಯಾಗಿದೆ ಎಂದು ನಂಬಿ ಕೂರಬೇಡಿ, ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಪ್ರಶ್ನೆ: ಆಕ್ಸೊಲಾಟಲ್‌ಗೆ ಬೆನ್ನುಹುರಿಯೇ ಮತ್ತೆ ಬೆಳೆಯುತ್ತದಂತೆ. ಕಿವಿರು ಸ್ವಲ್ಪ ಹರಿದದ್ದಕ್ಕೆ ವೈದ್ಯರೇಕೆ?
- ಬೆಂಗಳೂರಿನ ಓದುಗರು

ಉತ್ತರ: ಈ ‘ತಾನೇ ಸರಿಹೋಗುತ್ತದೆ’ ಎಂಬ ಮಾತಿಗೇ ಎಷ್ಟೋ ಆಕ್ಸೊಲಾಟಲ್‌ಗಳು ಬಲಿಯಾಗುತ್ತವೆ. ಕಾಲು, ಬಾಲ, ಕಿವಿರು, ಬೆನ್ನುಹುರಿ, ಹೃದಯದ ಒಂದಿಷ್ಟು ಭಾಗ ಮತ್ತೆ ಬೆಳೆಯುವುದು ನಿಜ. 1864ರಲ್ಲಿ ಮೆಕ್ಸಿಕೊದಿಂದ 34 ಪ್ರಾಣಿಗಳು ಪ್ಯಾರಿಸ್‌ಗೆ ಬಂದ ಮೇಲೆ ಯೂರೋಪಿನ ವಿಜ್ಞಾನಿಗಳು ಈ ಪ್ರಾಣಿಯ ಬೆನ್ನುಬಿದ್ದದ್ದೂ ನಿಜ. ಆದರೆ ಅಂಗ ಬೆಳೆಸಿಕೊಳ್ಳುವ ಶಕ್ತಿ ಬೇರೆ, ಸೋಂಕು ತಡೆಯುವ ಶಕ್ತಿ ಬೇರೆ. ಬೆಚ್ಚಗಿನ, ಕೊಳಕು ನೀರಿನಲ್ಲಿ ಗಾಯದ ಮೇಲೆ ಬೂಷ್ಟು ಹಿಡಿಯುತ್ತದೆ. ನೋಡಲು ಹತ್ತಿಯ ಹಾಗೆ ಬೆಳ್ಳಗಿರುತ್ತದೆ.

ಆಕ್ಸೊಲಾಟಲ್‌ನ ತವರು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳ ತಣ್ಣೀರು. ಮನೆಯಲ್ಲಿ ನೀರು 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ, 24 ದಾಟಿದರೆ ಪ್ರಾಣಿ ಬಳಲುತ್ತದೆ. ಬೆಂಗಳೂರಿನ ಏಪ್ರಿಲ್‌ನಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು ಹೇಗಿರುತ್ತದೆಂದು ನಿಮಗೇ ಗೊತ್ತು! ಥರ್ಮಾಮೀಟರ್ ಇಲ್ಲದೆ ಇದನ್ನು ಸಾಕಲೇಬಾರದು. ನೀರಿನ ಮೇಲೆ ಫ್ಯಾನ್ ಬೀಸುವಂತೆ ಇಡಿ. ಬಿಸಿ ಜಾಸ್ತಿಯಾದರೆ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಬಾಟಲಿ ಸಮೇತ ತೇಲಿಬಿಡಿ.

ಬಿಳಿ ಬೂಷ್ಟು, ಹರಡುತ್ತಿರುವ ಕೆಂಪು, ಮುಂದಕ್ಕೆ ಬಾಗಿದ ಕಿವಿರು, ಊಟ ಬಿಡುವುದು, ಮೈ ಊದುವುದು: ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರ ಬಳಿ ಹೋಗಿ. ಗಾಯದಿಂದ ತೆಗೆದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಬೂಷ್ಟೋ ಬ್ಯಾಕ್ಟೀರಿಯಾವೋ ಎಂದು ಊಹಿಸಿ ಔಷಧಿ ಹಾಕುವುದು ಸರಿಯಲ್ಲ.

ಪ್ರಶ್ನೆ: ಉಪ್ಪುನೀರಿನ ಸ್ನಾನ ಒಳ್ಳೆಯದೇ?
- ಹುಬ್ಬಳ್ಳಿಯ ಓದುಗರು

ಉತ್ತರ: ಬರೀ ಗೀರಿಗೆ ಬೇಡ. ಬೂಷ್ಟಿದ್ದರೆ, ವೈದ್ಯರು ಹೇಳಿದರೆ ಮಾತ್ರ, ಲೀಟರಿಗೆ ಎರಡು ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು ಕರಗಿಸಿ 10 ನಿಮಿಷ. ಗಡಿಯಾರ ನೋಡುತ್ತ ಪಕ್ಕದಲ್ಲೇ ಇರಿ. ಹೆಚ್ಚಾದರೆ ಚರ್ಮ, ಕಿವಿರು ಸುಡುತ್ತವೆ.

ಎಲ್ಲ ಪಶು ಆಸ್ಪತ್ರೆಗಳೂ ಆಕ್ಸೊಲಾಟಲ್ ನೋಡುವುದಿಲ್ಲ, ಮೊದಲು ಫೋನ್ ಮಾಡಿ ಕೇಳಿ. ಹೊರಡುವಾಗ ಪರೀಕ್ಷೆಗೆಂದು ತೊಟ್ಟಿಯ ನೀರನ್ನೂ ಒಂದು ಬಾಟಲಿಯಲ್ಲಿ ತೆಗೆದುಕೊಂಡು ಹೋಗಿ.