ಕುದಿಸಿದರೂ ಹೋಗದ ದೋಷ

ತಿಳಿಯಾದ ನೀರು ಒಳ್ಳೆಯದು, ಕಲಕಿದ ನೀರು ಕೆಟ್ಟದ್ದು ಎಂಬುದು ನಮ್ಮ ಹಳ್ಳಿಗಳ ಹಳೆಯ ನಂಬಿಕೆ. ಸಂಶಯ ಬಂದರೆ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ ಕುಡಿಯುವುದು ರೂಢಿ. ಈ ರೂಢಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಕಾಲರಾ, ವಿಷಮಶೀತಜ್ವರ, ಆಮಶಂಕೆ ಮೊದಲಾದುವು ಮಲದಿಂದ ಕೆಟ್ಟ ನೀರಿನ ಮೂಲಕ ಹರಡುವ ರೋಗಗಳು. ಅವುಗಳ ಕ್ರಿಮಿಗಳು ಚೆನ್ನಾಗಿ ಕುದಿದ ನೀರಿನಲ್ಲಿ ಬದುಕಲಾರವು. ಆದರೆ ನೀರಿನ ದೋಷವೆಲ್ಲ ಕ್ರಿಮಿಯಿಂದಲೇ ಬರುವುದಿಲ್ಲ. ಕರಗಿದ ಲವಣವನ್ನು ಬೆಂಕಿ ಏನೂ ಮಾಡಲಾರದು. ನೀರು ಆವಿಯಾಗಿ ಹೋಗುತ್ತದೆ, ಲವಣ ಪಾತ್ರೆಯಲ್ಲೇ ಉಳಿಯುತ್ತದೆ. ಆದುದರಿಂದ ಕುದಿಸಿದಷ್ಟೂ ಅದರ ಸಾಂದ್ರತೆ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ನಮ್ಮ ಒಣಸೀಮೆಯ ನೀರಿನಲ್ಲಿ ಇಂತಹ ದೋಷಗಳ ಪೈಕಿ ಮುಖ್ಯವಾದುದು ಫ್ಲೋರೈಡು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ತಾಲ್ಲೂಕುಗಳ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇದು ಯಾರೋ ತಂದು ಸುರಿದ ವಿಷವಲ್ಲ. ಗ್ರಾನೈಟು ಬಂಡೆಯೊಳಗಿನ ಅಭ್ರಕ, ಅಪಟೈಟು ಮುಂತಾದ ಖನಿಜಗಳಲ್ಲಿ ಫ್ಲೋರೈಡು ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ಬಹುಕಾಲ ನಿಂತರೆ ಅದು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಸುಣ್ಣದ ಅಂಶ ಕಡಮೆಯಿದ್ದು ಕ್ಷಾರಗುಣ ಹೆಚ್ಚಿದ್ದರೆ ಇನ್ನೂ ಹೆಚ್ಚು ಕರಗುತ್ತದೆ. ಸೇದುವ ಬಾವಿಯಲ್ಲಿ ಪ್ರತಿವರ್ಷ ಹೊಸ ಮಳೆನೀರು ಸೇರುತ್ತಿತ್ತು. ಆ ಬಾವಿಗಳು ಬತ್ತಿ, ನೂರಾರು ಅಡಿ ಆಳದ ಕೊಳವೆಬಾವಿಗಳು ಬಂದ ಮೇಲೆ ನಾವು ಕುಡಿಯುತ್ತಿರುವುದು ಬಂಡೆಯೊಳಗಿನ ಹಳೆಯ ನೀರನ್ನು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಒಂದು ಲೀಟರಿಗೆ ೧ ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದಲ್ಲಿ ೧.೫ರವರೆಗೆ ಇರಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅಲ್ಪ ಪ್ರಮಾಣದ ಫ್ಲೋರೈಡು ಹಲ್ಲಿಗೆ ಹಿತವೇ. ಮಿತಿ ಮೀರಿದರೆ ಮೊದಲು ಕೆಡುವುದೂ ಹಲ್ಲೇ. ಹಲ್ಲಿನ ಹೊರಕವಚ ಬೆಳೆಯುವ ಎಳೆಯ ವಯಸ್ಸಿನಲ್ಲಿ ಈ ನೀರನ್ನು ಕುಡಿದವರಿಗೆ ಬಿಳಿಯ ಮಚ್ಚೆ, ಬಳಿಕ ಕಂದು ಪಟ್ಟೆಗಳು ಕಾಣಿಸುತ್ತವೆ. ನನ್ನ ಹಲ್ಲುಗಳೇ ಇದಕ್ಕೆ ಸಾಕ್ಷಿ. ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರೊಬ್ಬರು ಹಲ್ಲುಜ್ಜದೆ ಬಂದಿರುವೆಯೆಂದು ನನ್ನನ್ನು ಎಲ್ಲರೆದುರು ನಿಲ್ಲಿಸಿದ್ದರು. ಆ ಸಂಜೆ ಇದ್ದಿಲಿಗೆ ಉಪ್ಪು ಬೆರೆಸಿ ಒಸಡಿನಲ್ಲಿ ರಕ್ತ ಬರುವವರೆಗೆ ಉಜ್ಜಿಕೊಂಡೆ. ಕಲೆ ಹಲ್ಲಿನ ಮೇಲಲ್ಲ, ಹಲ್ಲಿನೊಳಗೇ ಇದೆಯೆಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಎಲುಬಿನ ಕಥೆ ಇದಕ್ಕಿಂತ ಕಠಿಣ. ಹಲವು ವರ್ಷಗಳ ಸೇವನೆಯಿಂದ ಕೀಲು ನೋಯುತ್ತದೆ, ಬೆನ್ನು ಬಿಗಿಯುತ್ತದೆ, ಕೊನೆಗೆ ಬಾಗಿದ ಬೆನ್ನು ನೆಟ್ಟಗಾಗುವುದೇ ಇಲ್ಲ. ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ಗುರುತಿಸಿದ ವೈದ್ಯರ ವರದಿ ೧೯೩೭ರಲ್ಲೇ ಪ್ರಕಟವಾಯಿತು. ಆದರೂ ನಮ್ಮ ಕಡೆ ಅದನ್ನು ವಾಯುವೆಂದೋ ಮುಪ್ಪೆಂದೋ ಕರೆದು ಸುಮ್ಮನಾಗುವವರೇ ಹೆಚ್ಚು. ನಲವತ್ತರ ಹರೆಯದವನ ಬೆನ್ನು ಬಾಗಿದರೆ ಅದು ಯಾವ ಮುಪ್ಪು?

ಪರಿಹಾರವಿಲ್ಲದೆ ಇಲ್ಲ. ನೀರಿಗೆ ಪಟಿಕ ಮತ್ತು ಸುಣ್ಣವನ್ನು ಹಾಕಿ ಕಲಕಿ, ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದುಕೊಳ್ಳುವ ನಲ್ಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ರೂಪಿಸಿತು. ಖರ್ಚು ಕಡಮೆ; ಆದರೆ ನೀರನ್ನು ಪರೀಕ್ಷಿಸಿ ಪಟಿಕದ ಅಳತೆಯನ್ನು ಗೊತ್ತುಮಾಡಬೇಕು, ಕಣ್ಣಂದಾಜು ಸಲ್ಲದು. ಈಗ ಅನೇಕ ಊರುಗಳಲ್ಲಿ ಶುದ್ಧನೀರಿನ ಘಟಕಗಳಿವೆ. ಅವುಗಳ ಸೂಕ್ಷ್ಮ ಪೊರೆ ಫ್ಲೋರೈಡನ್ನು ಬಹುಮಟ್ಟಿಗೆ ತಡೆಯುತ್ತದೆ. ಪೊರೆ ಹಳತಾದಾಗ ಬದಲಿಸದಿದ್ದರೆ ಘಟಕವಿದ್ದೂ ವ್ಯರ್ಥ.

ಇಲ್ಲಿ ಒಂದು ತಪ್ಪು ಮನೆಮನೆಯಲ್ಲೂ ನಡೆಯುತ್ತಿದೆ. ಘಟಕದ ನೀರು ಕುಡಿಯುವುದಕ್ಕೆ ಮಾತ್ರ. ಅನ್ನಕ್ಕೆ, ಸಾರಿಗೆ, ಮುದ್ದೆಯ ಎಸರಿಗೆ ಕೊಳವೆಬಾವಿಯ ನೀರೇ. ಅಕ್ಕಿಯೂ ಬೇಳೆಯೂ ಹೀರಿಕೊಂಡ ನೀರಿನೊಡನೆ ಫ್ಲೋರೈಡೂ ಹೊಟ್ಟೆಗೆ ಸೇರುತ್ತದೆ. ಈ ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಅವ್ವನಿಗೆ ಹೇಳಿದೆ. “ಒಂದು ಕ್ಯಾನು ಸಾಲದಲ್ಲಪ್ಪ, ಇನ್ನೊಂದು ಯಾರು ಹೊತ್ತು ತರೋರು?” ಎಂದಳು. ಸ್ನಾನಕ್ಕೂ ಪಾತ್ರೆ ಬಟ್ಟೆಗಳಿಗೂ ಕೊಳವೆಬಾವಿಯ ನೀರಿನಿಂದ ತೊಂದರೆಯಿಲ್ಲವೆಂದು ಲೆಕ್ಕ ಹಾಕಿ ತೋರಿಸಿದೆ. ಒಲೆಯ ಪಕ್ಕಕ್ಕೆ ಬೇಕಾದುದು ಇನ್ನೊಂದೇ ಕೊಡ. ಈಗ ತಮ್ಮ ಶಾಲೆಗೆ ಹೊರಡುವ ಮುಂಚೆ ಅದನ್ನು ತುಂಬಿಡುತ್ತಾನೆ.