ಮೂರು ಗಂಟಿನ ಮೇಲೊಂದು ಮೊಹರು

ನಾನು ಹಾಸನ ಜಿಲ್ಲೆಯವಳು, ಗಂಡ ಜರ್ಮನಿಯವರು. ಮದುವೆಯಾಗಿ ಅವರ ದೇಶದಲ್ಲಿ ಸಂಸಾರ ಹೂಡಿದ ಮೇಲೆ, ನನ್ನ ಹಾಗೆಯೇ ಹೊರಟು ನಿಂತ ಕನ್ನಡದ ಹೆಣ್ಣುಮಕ್ಕಳು ಫೋನು ಮಾಡತೊಡಗಿದರು. ಆಗೊಮ್ಮೆ ಈಗೊಮ್ಮೆ ಜರ್ಮನ್ ಹುಡುಗಿಯ ಕೈಹಿಡಿದ ಗಂಡುಮಕ್ಕಳೂ ಉಂಟು. "ಅಕ್ಕ, ಈ ಕಾಗದ ಒಂಚೂರು ನೋಡ್ತೀರಾ?" ಎಂಬಲ್ಲಿಂದ ಶುರುವಾಗಿ ಇಡೀ ಫೈಲು ನನ್ನ ಅಡುಗೆಮನೆಯ ಮೇಜಿಗೆ ಬಂದು ಕೂರುತ್ತದೆ. ನಾನು ವಕೀಲಳಲ್ಲ, ಕಾಗದಗಳ ಜೊತೆ ಏಗಿ ಬಲ್ಲವಳು ಅಷ್ಟೆ. ಎಲ್ಲರ ಅಂಜಿಕೆಯೂ ಒಂದೇ: ನಮ್ಮದು ನಿಜವಾದ ಮದುವೆ ಅಂತ ಜರ್ಮನ್ ಅಧಿಕಾರಿಗಳನ್ನು ನಂಬಿಸುವುದು ಹೇಗೆ? ನಾನು ನೋಡಿದ ಮಟ್ಟಿಗೆ ನಮ್ಮವರ ಫೈಲು ಆ ಪ್ರಶ್ನೆಗೆ ಬರುವ ಮೊದಲೇ ಕುಂಟುತ್ತದೆ. ಈ ಹೆಂಡತಿ ಯಾರು, ಎಲ್ಲಿ ಯಾವಾಗ ಹುಟ್ಟಿದಳು, ಈ ಐದಾರು ಕಾಗದಗಳಲ್ಲಿ ಇರುವುದು ಅವಳೊಬ್ಬಳೇ ಹೌದೇ? ತಕರಾರು ಏಳುವುದು ಇಲ್ಲಿ.

1. ಹೆಸರನ್ನು ಮೊದಲು ಒಂದು ಮಾಡಿಕೊಳ್ಳಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಕವಿತಾ ಹೆಚ್.ಆರ್. ಆಧಾರ್‌ನಲ್ಲಿ ಬರೀ ಕವಿತಾ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಕವಿತಾ ಹೊನ್ನೇನಹಳ್ಳಿ ರಾಮೇಗೌಡ. ಜನನ ಪ್ರಮಾಣಪತ್ರದಲ್ಲಿ ಅಪ್ಪ ರಾಮೇಗೌಡರು, ಮದುವೆ ಪ್ರಮಾಣಪತ್ರಕ್ಕೆ ಬರುವಷ್ಟರಲ್ಲಿ ರಾಮಯ್ಯಗೌಡರು. ನಮಗೆ ಇದೊಂದು ಸಮಸ್ಯೆ ಅನ್ನಿಸುವುದೇ ಇಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿರುವ ಕವಿತಾ ಅವಳು. ಜರ್ಮನ್ ಗುಮಾಸ್ತನ ಕಣ್ಣಿಗೆ ಮಾತ್ರ ನಾಲ್ಕು ಜನ ಕಾಣುತ್ತಾರೆ. ಅವನ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಕುಲನಾಮ ಇರಲೇಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಇದ್ದರೂ ಅದು ಅಪ್ಪನ ಹೆಸರೋ ಊರಿನ ಹೆಸರೋ ಆಗಿರುತ್ತದೆ.

ಹೀಗಾಗಿ ನಾನು ಹೇಳುವ ಕ್ರಮ ಇದು. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ: ಇನಿಷಿಯಲ್ ಬಿಡಿಸಿ, ಕುಲನಾಮದ ಜಾಗ ತುಂಬಿಸಿ. ಆಮೇಲೆ ಮದುವೆ ನೋಂದಣಿ, ಜರ್ಮನ್ ಭಾಷಾ ಪರೀಕ್ಷೆ, ವೀಸಾ ಅರ್ಜಿ, ಎಲ್ಲಕ್ಕೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆ ಅಕ್ಷರಕ್ಕೆ ಅಕ್ಷರ. ನೋಟರಿ ಮುಂದೆ "ಈ ಎರಡೂ ಹೆಸರಿನವಳು ನಾನೊಬ್ಬಳೇ" ಎಂದು ಮಾಡಿಸುವ ಅಫಿಡವಿಟ್ ನಮ್ಮ ತಾಲ್ಲೂಕು ಕಚೇರಿಯಲ್ಲಿ ನಡೆದೀತು. ಜರ್ಮನ್ನರ ಮುಂದೆ ಅದಕ್ಕೆ ಅಷ್ಟು ತೂಕವಿಲ್ಲ. ಮೂಲ ದಾಖಲೆಯನ್ನೇ ತಿದ್ದಿಸಲು ಸಾಧ್ಯವಿದ್ದರೆ ಅದಕ್ಕೇ ಓಡಾಡಿ.

ಮದುವೆಯಾದ ಸಂಭ್ರಮದಲ್ಲಿ ಗಂಡನ ಕುಲನಾಮ ಹಾಕಿಸಿ ಹೊಸ ಪಾಸ್‌ಪೋರ್ಟ್ ಮಾಡಿಸುವವರಿದ್ದಾರೆ. ಹಳೆಯ ದಾಖಲೆಗಳೆಲ್ಲ ಒಂದು ಹೆಸರಿನಲ್ಲಿ, ಪಾಸ್‌ಪೋರ್ಟ್ ಇನ್ನೊಂದರಲ್ಲಿ ಆಗಿ ಫೈಲು ಇನ್ನಷ್ಟು ಸಿಕ್ಕಾಗುತ್ತದೆ. ಆ ಆಸೆಯನ್ನು ಜರ್ಮನಿ ತಲುಪಿದ ಮೇಲೆ ತೀರಿಸಿಕೊಳ್ಳಿ.

2. ಜನನ ಪ್ರಮಾಣಪತ್ರವನ್ನು ಇವತ್ತೇ ತೆಗೆದು ನೋಡಿ

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಆದರೂ ಹಳ್ಳಿಯ ಮನೆಯಲ್ಲಿ ಹೆರಿಗೆಯಾದ ಎಷ್ಟೋ ಮಕ್ಕಳ ಹುಟ್ಟು ಯಾವ ಪುಸ್ತಕಕ್ಕೂ ಏರಿಲ್ಲ. ಅಂಥವರು ವಿಳಂಬ ನೋಂದಣಿಯ ದಾರಿ ಹಿಡಿಯಬೇಕು, ಅದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಸಮಯ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದವರ ತೊಂದರೆ ಬೇರೆ. ಪ್ರಮಾಣಪತ್ರವೇನೋ ಇದೆ, ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ. ನಾಮಕರಣಕ್ಕೆ ಮುಂಚೆಯೇ ನೋಂದಣಿ ಆಗಿಹೋಗಿರುತ್ತದೆ, ಆಮೇಲೆ ಯಾರೂ ಆ ಕಡೆ ತಿರುಗಿ ನೋಡಿರುವುದಿಲ್ಲ. ನಿಶ್ಚಿತಾರ್ಥಕ್ಕೆ ಛತ್ರ ನೋಡುವ ಮೊದಲು ಈ ಕಾಗದ ನೋಡಿ ಎಂದರೆ ಅಮ್ಮಂದಿರಿಗೆ ಸಿಟ್ಟು ಬರುತ್ತದೆ. ಬರಲಿ.

3. ಅಪೊಸ್ಟಿಲ್‌ಗೆ ದುಡ್ಡು ಸುರಿಯಬೇಡಿ

ಬೆಂಗಳೂರಿನಲ್ಲಿ "ವಿದೇಶಕ್ಕೆ ಹೋಗುವವರಿಗೆ ಅಪೊಸ್ಟಿಲ್ ಮಾಡಿಸಿಕೊಡುತ್ತೇವೆ" ಎನ್ನುವ ಏಜೆಂಟರಿಗೆ ಬರವಿಲ್ಲ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ನೇರವಾಗಿ ಒಪ್ಪಲೆಂದು ಹಾಕುವ ಮೊಹರು ಅದು. ಭಾರತ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು 2005ರಲ್ಲಿ, ನಿಜ. ಆದರೆ ಜರ್ಮನಿ ಅದಕ್ಕೆ ಆಕ್ಷೇಪ ಎತ್ತಿತು. ಎರಡೂ ದೇಶ ಒಪ್ಪಂದದಲ್ಲಿದ್ದರೂ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ.

ಅದರ ಬದಲು ಜರ್ಮನ್ನರು ಮಾಡುವುದು ದಾಖಲೆ ತನಿಖೆ. ಅವರ ರಾಯಭಾರ ಕಚೇರಿ ನೇಮಿಸಿದವರು ನಮ್ಮ ಉಪನೋಂದಣಾಧಿಕಾರಿ ಕಚೇರಿಗೋ ಗ್ರಾಮ ಪಂಚಾಯಿತಿಗೋ ಹೋಗಿ, ಮೂಲ ಪುಸ್ತಕದಲ್ಲಿ ನಮೂದು ಇದೆಯೇ ಎಂದು ನೋಡುತ್ತಾರೆ. ಬೇಕೆನಿಸಿದರೆ ಮನೆಯ ಹತ್ತಿರವೂ ಬಂದು ವಿಚಾರಿಸುತ್ತಾರೆ. ಖರ್ಚು ನಮ್ಮದೇ, ತಿಂಗಳುಗಟ್ಟಲೆ ಕಾಯುವುದೂ ನಮ್ಮ ಪಾಲಿಗೇ. ಈ ತನಿಖೆಗೆ ಹೆದರುವಂಥದ್ದೇನಿಲ್ಲ, ಊರಿನವರನ್ನು ಸಿದ್ಧಮಾಡಿ ಇಡುವುದು ಮಾತ್ರ ಮುಖ್ಯ. ಅಪರಿಚಿತನೊಬ್ಬ ಬೈಕಿನಲ್ಲಿ ಬಂದು "ಈ ಹುಡುಗಿಗೆ ಮದುವೆ ಆಗಿದೆಯಾ, ಇದು ಮೊದಲನೇ ಮದುವೆಯಾ?" ಎಂದು ಕೇಳಿದರೆ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಏನು ಹೇಳುತ್ತಾರೆ? "ನಂಗೇನೂ ಗೊತ್ತಿಲ್ಲಪ್ಪ." ಹುಡುಗಿಯ ಮಾನ ಕಾಯುವ ಮಾತು ಅವರಿಗೆ ಅದು. ಬರೆದುಕೊಳ್ಳುವವನ ವರದಿಯಲ್ಲಿ ಅದು "ನೆರೆಯವರಿಗೆ ಮದುವೆಯ ವಿಷಯ ತಿಳಿದಿಲ್ಲ" ಎಂದಾಗುತ್ತದೆ. ಆದ್ದರಿಂದ ಅಕ್ಕಪಕ್ಕದವರಿಗೆ ಮುಂಚೆಯೇ ತಿಳಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಎನ್ನಿ. ಅರ್ಜಿಯಲ್ಲಿ ವಿಳಾಸ ಬರೆಯುವಾಗ ಯಾವ ಬಸ್‌ಸ್ಟ್ಯಾಂಡ್, ಯಾವ ಗುಡಿಯ ಹಿಂದಿನ ಬೀದಿ, ಯಾರಿಗೆ ಫೋನು ಮಾಡಬೇಕು ಎಂಬುದನ್ನೂ ಸೇರಿಸಿ. ಮನೆ ಹುಡುಕಲಾಗದೆ ವಾಪಸು ಹೋದ ತನಿಖೆ ಮತ್ತೆ ಸಾಲಿನ ಕೊನೆಗೆ ಬೀಳುತ್ತದೆ.

4. ಗುಡಿಯ ರಸೀದಿ ಮದುವೆಯ ದಾಖಲೆಯಲ್ಲ

ಮನೆದೇವರ ಮುಂದೆ ತಾಳಿ ಕಟ್ಟಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಗಂಡ ಹಿಂದೂ ಅಲ್ಲದ ವಿದೇಶೀಯನಾದರೆ ಹಿಂದೂ ವಿವಾಹ ಕಾಯ್ದೆ ಉಪಯೋಗಕ್ಕೆ ಬಾರದು, 1954ರ ವಿಶೇಷ ವಿವಾಹ ಕಾಯ್ದೆಗೇ ಬರಬೇಕು. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ನೋಟಿಸು ಕೊಟ್ಟು, ಅದು ಕಚೇರಿಯ ಗೋಡೆಯಲ್ಲಿ 30 ದಿನ ಇರಬೇಕು. ಎರಡು ವಾರದ ರಜೆ ಹಾಕಿ ಬರುವ ಜರ್ಮನ್ ವರನಿಗೆ ಈ ಲೆಕ್ಕವನ್ನು ಮೊದಲೇ ಬಿಡಿಸಿ ಹೇಳಿ.

ಅವನು ತನ್ನ ಊರಿನ ನೋಂದಣಿ ಕಚೇರಿಯಿಂದ, ಮದುವೆಗೆ ಅಡ್ಡಿಯಿಲ್ಲ ಎಂಬ ಪ್ರಮಾಣಪತ್ರವನ್ನೂ ತರಬೇಕಾಗುತ್ತದೆ. ಅದರ ಆಯುಸ್ಸು ಆರು ತಿಂಗಳು. ಅದನ್ನು ಕೊಡಲು ಅವರು ಹುಡುಗಿಯ ಜನನ ಪ್ರಮಾಣಪತ್ರವನ್ನೂ ಅವಿವಾಹಿತೆ ಎಂಬ ಪುರಾವೆಯನ್ನೂ ಕೇಳುತ್ತಾರೆ. ಅಂದರೆ ಮತ್ತೆ ಮೊದಲನೆಯ, ಎರಡನೆಯ ಪಾಠಕ್ಕೇ ಬಂದು ನಿಂತೆವು.

5. ಎ1 ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಹೆದರಲೂ ಬೇಡಿ

2007ರಿಂದ ಜರ್ಮನಿಗೆ ಬರುವ ಗಂಡ ಅಥವಾ ಹೆಂಡತಿ ವೀಸಾಕ್ಕೆ ಮೊದಲೇ ಎ1 ಎಂಬ ಮೊದಲ ಹಂತದ ಸರಳ ಜರ್ಮನ್ ಕಲಿತಿರಬೇಕು. ಬಲವಂತದ ಮದುವೆ ತಡೆಯಲು ಎಂದು ಆಗ ಕಾರಣ ಕೊಟ್ಟರು. ನನಗೆ ಆ ತರ್ಕ ಇವತ್ತಿಗೂ ಒಗ್ಗಿಲ್ಲ, ಏಕೆಂದರೆ ವಿನಾಯಿತಿಗಳ ಪಟ್ಟಿ ನೋಡಿದರೆ ನಗು ಬರುತ್ತದೆ. ಮ್ಯೂನಿಕ್‌ನಲ್ಲಿ ನುರಿತ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಹಿಡಿದು ಕೆಲಸ ಮಾಡುವ ನಮ್ಮ ಮಂಡ್ಯದ ಎಂಜಿನಿಯರನ ಹೆಂಡತಿಗೆ ಈ ಪರೀಕ್ಷೆ ಬೇಕಿಲ್ಲ. ಜರ್ಮನಿಯಲ್ಲಿ ನೆಲೆಸಿದ ಫ್ರಾನ್ಸ್ ಪ್ರಜೆಯ ಭಾರತೀಯ ಹೆಂಡತಿಗೂ ಬೇಕಿಲ್ಲ. ಜರ್ಮನ್ ಪ್ರಜೆಯನ್ನೇ ಮದುವೆಯಾದವಳಿಗೆ ಬೇಕು! ಜರ್ಮನ್ ಪ್ರಜೆಯ ಸಂಗಾತಿಗೆ ಎಷ್ಟು ಪ್ರಯತ್ನಿಸಿದರೂ ಒಂದು ವರ್ಷದೊಳಗೆ ಕಲಿಯಲಾಗದಿದ್ದರೆ, ಅಥವಾ ಕಲಿಯುವ ಅನುಕೂಲವೇ ಇಲ್ಲದಿದ್ದರೆ, ಇದೊಂದೇ ಕಾರಣಕ್ಕೆ ವೀಸಾ ನಿರಾಕರಿಸುವಂತಿಲ್ಲ ಎಂದು ಅಲ್ಲಿನ ಫೆಡರಲ್ ಆಡಳಿತ ನ್ಯಾಯಾಲಯ 2012ರಲ್ಲಿ ಹೇಳಿದೆ. ಬೆಂಗಳೂರಿನಲ್ಲಿ ಕುಳಿತವರು ಆ ಬಾಗಿಲು ತಟ್ಟುವುದು ಕಷ್ಟ. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಅಲ್ಲೇ ಇದೆಯಲ್ಲ.

ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. 100ಕ್ಕೆ 60 ಬಂದರೆ ಪಾಸು. ಬರವಣಿಗೆಯಲ್ಲಿ ಒಂದು ಫಾರಂ ತುಂಬಿ, ಸುಮಾರು 30 ಪದಗಳ ಚಿಕ್ಕ ಪತ್ರ ಬರೆದರೆ ಮುಗಿಯಿತು. ಮಾತಿನ ಭಾಗದಲ್ಲಿ ಪರಿಚಯ ಹೇಳಿಕೊಂಡು, ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಜರ್ಮನ್ ಉಚ್ಚಾರದಲ್ಲಿ ಹೇಳಬೇಕು, ಒಂದು ಫೋನು ನಂಬರನ್ನೋ ಏನನ್ನೋ ಹೇಳಬೇಕು. ಹೊನ್ನೇನಹಳ್ಳಿ ಎಂದು ಹೆಸರಿನಲ್ಲಿ ಇಟ್ಟುಕೊಂಡವರು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಬೇಕಾಗುತ್ತದೆ. ನಮ್ಮವರು ಸಾಮಾನ್ಯವಾಗಿ ಅಂಕ ಬಿಡುವುದು ಕೇಳುವ ಭಾಗದಲ್ಲಿ. ರೈಲಿನ ಪ್ಲಾಟ್‌ಫಾರಂ, ತರಕಾರಿಯ ಬೆಲೆ, ಡಾಕ್ಟರ ಸಮಯ ಎಲ್ಲವೂ ಅಂಕಿಗಳೇ. ವ್ಯಾಕರಣದ ಪುಸ್ತಕ ಬದಿಗಿಟ್ಟು, ದಿನಕ್ಕೆ ಅರ್ಧ ಗಂಟೆ ಅಂಕಿಗಳನ್ನು ಕಿವಿಗೆ ಹಾಕಿಕೊಳ್ಳಿ.

6. ವೀಸಾ ಸಂದರ್ಶನಕ್ಕೆ ಪಾಠ ಒಪ್ಪಿಸುವ ತಯಾರಿ ಬೇಡ

ಜರ್ಮನ್ ಸಂವಿಧಾನದ 6ನೇ ವಿಧಿ ಮದುವೆ ಮತ್ತು ಕುಟುಂಬಕ್ಕೆ ರಕ್ಷಣೆ ಕೊಡುತ್ತದೆ. ಹಾಗೆಂದೇ, ಕಾಗದದ ಮೇಲಷ್ಟೇ ಇರುವ ಮದುವೆಯನ್ನು ಹಿಡಿಯಲು ಅಧಿಕಾರಿಗಳು ಅಷ್ಟು ಪ್ರಶ್ನೆ ಕೇಳುತ್ತಾರೆ. ಅನುಮಾನ ಬಂದರೆ ಗಂಡನನ್ನು ಅಲ್ಲಿ, ಹೆಂಡತಿಯನ್ನು ಇಲ್ಲಿ ಒಂದೇ ಸಮಯಕ್ಕೆ ಕೂರಿಸಿ ಅದೇ ಪ್ರಶ್ನೆ ಕೇಳುವುದೂ ಉಂಟು: ಮೊದಲು ಭೇಟಿಯಾದದ್ದು ಎಲ್ಲಿ, ಮದುವೆಗೆ ಯಾರು ಯಾರು ಬಂದಿದ್ದರು, ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡುತ್ತೀರಿ, ಅತ್ತೆ ಏನು ಕೆಲಸ ಮಾಡುತ್ತಾರೆ.

ಇಬ್ಬರ ಉತ್ತರವೂ ಅಕ್ಷರಶಃ ಒಂದೇ ಆದರೆ ಅದೇ ಸಂಶಯಕ್ಕೆ ದಾರಿ. ನಿಜವಾದ ಗಂಡಹೆಂಡತಿ ದಿನಾಂಕದ ಬಗ್ಗೆ ಜಗಳವಾಡುತ್ತಾರೆ. ಮರೆತಿದ್ದರೆ ಮರೆತಿದ್ದೇನೆ ಎನ್ನಿ. ವಾಟ್ಸಾಪ್ ಸಂಭಾಷಣೆಯ ಕಂತೆಗಟ್ಟಲೆ ಮುದ್ರಣ ಬೇಡ. ಬೇರೆ ಬೇರೆ ಕಾಲದ ಕೆಲವು ಪುಟ, ಪ್ರಯಾಣದ ಟಿಕೆಟ್ಟು, ಎರಡೂ ಮನೆಯವರಿರುವ ಫೋಟೊ ಸಾಕು. ಹುಡುಗಿಯ ಕಡೆಯವರು ಒಬ್ಬರೂ ಇಲ್ಲದ ಮದುವೆ ಫೋಟೊ ಇದ್ದರೆ ಅದಕ್ಕೆ ಕಾರಣವನ್ನು ನೀವೇ ಮೊದಲು ಹೇಳಿಬಿಡಿ. ಜಾತಿ ಮೀರಿ, ಧರ್ಮ ಮೀರಿ ಮದುವೆಯಾದಾಗ ಅಪ್ಪ ಅಮ್ಮ ಬರದಿರುವುದು ನಮಗೆ ಹೊಸದೇನಲ್ಲ. ಅದನ್ನು ಮುಚ್ಚಿಡಲು ಹೋಗಿ ಕಥೆ ಕಟ್ಟಿದವರೇ ಕಷ್ಟಕ್ಕೆ ಸಿಕ್ಕಿದ್ದಾರೆ.

7. ಫೈಲು ಕೂತಿರುವುದು ಗಂಡನ ಊರಿನಲ್ಲಿ

ಕರ್ನಾಟಕ, ಕೇರಳದವರ ಅರ್ಜಿ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ ಸೇರಿದ್ದು. ಆದರೆ ತೀರ್ಮಾನಕ್ಕೆ ಗಂಡ ವಾಸವಿರುವ ಊರಿನ ವಿದೇಶೀಯರ ಕಚೇರಿಯ ಒಪ್ಪಿಗೆ ಬೇಕು. ಇಲ್ಲಿ ದಿನವೂ ವಿಚಾರಿಸಿ ಸುಸ್ತಾಗುವ ಬದಲು, ಅಲ್ಲಿ ಗಂಡನೇ ನಯವಾಗಿ, ಬರಹದಲ್ಲಿ ವಿಚಾರಿಸಲಿ. ದೊಡ್ಡ ನಗರದ ಕಚೇರಿಗಳು ನಿಧಾನ. ಒಂದು ವೇಳೆ ನಿರಾಕರಣೆ ಬಂದರೆ, ಅದೇ ಕಾನ್ಸುಲೇಟಿಗೆ ಮರುಪರಿಶೀಲನೆ ಕೋರುವ ಹಳೆಯ ದಾರಿ 2025ರ ಜುಲೈನಿಂದ ಮುಚ್ಚಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲೇ ಉಳಿದುಬಿಡುವ ಸಲಹೆ ಕೊಡುವ ನೆಂಟರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸಿ.

8. ಗಂಡನ ಸಂಬಳ

ಬ್ರಿಟನ್ನಿನಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು ವರ್ಷಕ್ಕೆ 29,000 ಪೌಂಡ್ ಆದಾಯ ಬೇಕೆಂಬ ನಿಯಮ 2024ರ ಏಪ್ರಿಲ್‌ನಲ್ಲಿ ಬಂತು. ಜರ್ಮನ್ ಪ್ರಜೆಯ ಸಂಗಾತಿಗೆ ಅಂಥ ಮಿತಿ ಸಾಮಾನ್ಯವಾಗಿ ಇಲ್ಲ, ವೀಸಾ ಶುಲ್ಕವೂ ಇಲ್ಲ. ಗಂಡ ಇನ್ನೂ ಓದುತ್ತಿದ್ದಾನೆ ಎಂದು ಕಂಗಾಲಾಗಬೇಡಿ.

9. ಇಳಿದ ಮೇಲೆ ಮೊದಲ ಕೆಲಸ ಅಂಚೆಪೆಟ್ಟಿಗೆ

ವಿಳಾಸ ನೋಂದಣಿಗೆ ಎರಡು ವಾರದ ಗಡುವು, ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅಂಚೆಪೆಟ್ಟಿಗೆಯ ವಿಷಯ ಯಾರೂ ಹೇಳುವುದಿಲ್ಲ. ಅಲ್ಲಿ ಮನೆ ನಂಬರಿಗಿಂತ ಪೆಟ್ಟಿಗೆಯ ಮೇಲಿನ ಕುಲನಾಮ ದೊಡ್ಡದು. ಗಂಡನ ಹೆಸರೊಂದೇ ಅಂಟಿಸಿದ್ದರೆ ನಿಮ್ಮ ತೆರಿಗೆ ಸಂಖ್ಯೆ, ಆರೋಗ್ಯ ವಿಮೆಯ ಕಾರ್ಡು, ವಿದೇಶೀಯರ ಕಚೇರಿಯ ಕರೆಪತ್ರ ಎಲ್ಲವೂ "ಈ ಹೆಸರಿನವರು ಇಲ್ಲಿಲ್ಲ" ಎಂದು ಹಿಂದಕ್ಕೆ ಹೋಗಬಹುದು. ಪಾಸ್‌ಪೋರ್ಟಿನ ಕುಲನಾಮವನ್ನು ಮೊದಲ ದಿನವೇ ಅಲ್ಲಿ ಅಂಟಿಸಿ.

10. ನಿಮ್ಮ ಹಕ್ಕು ಎಲ್ಲಿಂದ ಶುರುವಾಗುತ್ತದೆ ಎಂದು ತಿಳಿದಿರಿ

ವಾಸದ ಪರವಾನಗಿ ಕೈಗೆ ಬಂದ ಮೇಲೆ ಕೆಲಸ ಮಾಡಲು ಯಾರ ಅಪ್ಪಣೆಯೂ ಬೇಡ. ಭಾಷೆಗೆ 600, ಸಮಾಜ ಪರಿಚಯಕ್ಕೆ 100 ಗಂಟೆಗಳ ಸರ್ಕಾರಿ ಕೋರ್ಸು ಇದೆ, ಸೇರಿಕೊಳ್ಳಿ. ಅಲ್ಲಿ ಸಿಗುವ ಗೆಳತಿಯರು ಪ್ರಮಾಣಪತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತಾರೆ. ಸ್ವಂತ ಬ್ಯಾಂಕ್ ಖಾತೆ ತೆರೆಯಿರಿ. ಪಾಸ್‌ಪೋರ್ಟ್ ನಿಮ್ಮ ಬೀರುವಿನಲ್ಲೇ ಇರಲಿ.

"ನಾನು ಬರೆದುಕೊಟ್ಟರೆ ನಾಳೆಯೇ ನಿನ್ನನ್ನು ವಾಪಸು ಕಳಿಸುತ್ತಾರೆ" ಎಂದು ಗಂಡ ಹೆದರಿಸುವುದನ್ನು ಕೇಳಿದ್ದೇನೆ. ಅದು ಅಷ್ಟು ಸರಳವಲ್ಲ. ದಾಂಪತ್ಯ ಜರ್ಮನಿಯಲ್ಲಿ ಮೂರು ವರ್ಷ ನಡೆದಿದ್ದರೆ, ಬೇರೆಯಾದ ಮೇಲೂ ಹೆಂಡತಿಗೆ ಅವಳದೇ ವಾಸದ ಹಕ್ಕು ಇರುತ್ತದೆ. ಹೊಡೆತ ಬಡಿತ ಇದ್ದ ಸಂಸಾರದಲ್ಲಿ ಮೂರು ವರ್ಷ ಕಾಯಬೇಕೆಂದೂ ಇಲ್ಲ, ಕಾನೂನು ಅದನ್ನು ವಿಶೇಷ ಸಂಕಷ್ಟ ಎಂದು ಪರಿಗಣಿಸುತ್ತದೆ. ಹಿಂಸೆಗೆ ಸಿಕ್ಕ ಹೆಂಗಸರಿಗಾಗಿ ಜರ್ಮನಿಯಲ್ಲಿರುವ 116 016 ಎಂಬ ಸಹಾಯವಾಣಿ ಹಗಲೂ ರಾತ್ರಿ ತೆರೆದಿರುತ್ತದೆ, ಕರೆ ಉಚಿತ, ಇಂಗ್ಲಿಷಿನಲ್ಲೂ ಮಾತಾಡಬಹುದು. ನನ್ನ ಬಳಿ ಫೈಲು ತರುವ ಪ್ರತಿಯೊಬ್ಬಳಿಗೂ ಈ ನಂಬರು ಬರೆದುಕೊಡುತ್ತೇನೆ. ಜೊತೆಗೆ ಬಂದ ಗಂಡ ಮುಖ ಕಿವುಚಿದರೂ ಬರೆದುಕೊಡುತ್ತೇನೆ. ಒಳ್ಳೆಯ ಗಂಡಂದಿರು ಕಿವುಚುವುದಿಲ್ಲ.

ಮೂರು ವರ್ಷ ಪರವಾನಗಿಯಲ್ಲಿದ್ದು, ಸಂಸಾರವೂ ನಡೆದಿದ್ದು, ಬಿ1 ಮಟ್ಟದ ಜರ್ಮನ್ ಬಂದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಪೌರತ್ವದ ದಾರಿಯೂ ಆ ಹೊತ್ತಿಗೇ ತೆರೆಯುತ್ತದೆ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. ಭಾರತದ ನೀಲಿ ಪಾಸ್‌ಪೋರ್ಟ್ ಬಿಟ್ಟು, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡಿಗೆ ಬರುವುದೋ ಬೇಡವೋ ಎಂಬುದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಹಾಸನದಲ್ಲಿ ನನ್ನ ಪಾಲಿನ ಜಮೀನಿದೆ. ನಾನಿನ್ನೂ ನೀಲಿಯದನ್ನೇ ಇಟ್ಟುಕೊಂಡಿದ್ದೇನೆ.