ನಗರದ ಬಡತನವೂ ನಮ್ಮ ವಿದ್ಯಾರ್ಥಿಯ ಪ್ರಬಂಧವೂ

2010ರಲ್ಲಿ ವಾಷಿಂಗ್ಟನ್ ನಗರದ ವುಡ್ರೋ ವಿಲ್ಸನ್ ಕೇಂದ್ರವು ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಒಂದು ಸಂಶೋಧನಾ ಪ್ರಬಂಧ ಸ್ಪರ್ಧೆಯನ್ನು ಆರಂಭಿಸಿತು. ವಿಶ್ವಬ್ಯಾಂಕ್, ಅಮೆರಿಕ ಸರಕಾರದ ಯುಎಸ್‌ಏಡ್, ಸಿಟೀಸ್ ಅಲಯನ್ಸ್ ಮತ್ತು ಇಂಟರ್‌ನ್ಯಾಷನಲ್ ಹೌಸಿಂಗ್ ಕೊಯಲಿಷನ್ ಇದಕ್ಕೆ ಕೈಜೋಡಿಸಿದವು. ವಿಷಯ ಒಂದೇ: ಅಭಿವೃದ್ಧಿಶೀಲ ದೇಶಗಳ ನಗರಗಳಲ್ಲಿ ಬಡತನವನ್ನು ಕಡಿಮೆ ಮಾಡುವುದು ಹೇಗೆ? ವಿದ್ಯಾರ್ಥಿಗಳು ಮೊದಲು ಪ್ರಬಂಧದ ಸಾರಾಂಶ ಕಳುಹಿಸಬೇಕಿತ್ತು. ಅದು ಮೆಚ್ಚುಗೆಯಾದರೆ ಪೂರ್ಣ ಪ್ರಬಂಧ ಕೇಳುತ್ತಿದ್ದರು. ಗೆದ್ದ ಪ್ರಬಂಧಗಳು ಪುಸ್ತಕವಾಗಿ ಅಚ್ಚಾದವು. ಮುಂದಿನ ಕೆಲವು ವರ್ಷಗಳಲ್ಲೂ ಸ್ಪರ್ಧೆ ನಡೆಯಿತು.

ಇಷ್ಟು ದೊಡ್ಡ ಸಂಸ್ಥೆಗಳು, ತಮ್ಮಲ್ಲೇ ನೂರಾರು ತಜ್ಞರಿರುವಾಗ, ಇನ್ನೂ ಓದುತ್ತಿರುವ ಮಕ್ಕಳನ್ನು ಏಕೆ ಕೇಳಬೇಕು? ವಿದ್ಯಾರ್ಥಿವೇತನ ಕೊಡುವವರಿಗೂ ಪಡೆಯುವ ಮನೆಯವರಿಗೂ ಈ ಪ್ರಶ್ನೆ ಮುಖ್ಯವಾದದ್ದು. ಎಂ.ಬಿ.ಬಿ.ಎಸ್. ಸೀಟಿಗೆ ಸಹಾಯ ಮಾಡಿದರೆ ಊರಿಗೊಬ್ಬ ಡಾಕ್ಟರ್ ಬರುತ್ತಾರೆಂದು ಎಲ್ಲರಿಗೂ ಗೊತ್ತು. ಸಮಾಜಶಾಸ್ತ್ರದಲ್ಲೋ ನಗರ ಯೋಜನೆಯಲ್ಲೋ ಎಂ.ಎ., ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರಿಗೆ ಕೊಟ್ಟ ಹಣ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ಅಷ್ಟು ಸುಲಭಕ್ಕೆ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಇಬ್ಬರು ವಿದ್ಯಾರ್ಥಿಗಳ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ಇಬ್ಬರೂ ಈ ಸ್ಪರ್ಧೆಗಿಂತ ಬಹಳ ಹಿಂದಿನವರು. ಇಂಥ ಸ್ಪರ್ಧೆಗಳು ಹುಡುಕುವುದು ಅವರಂಥವರನ್ನೇ.

ಮೊದಲನೆಯವರು ಕೀತ್ ಹಾರ್ಟ್. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪಿಎಚ್.ಡಿ. ವಿದ್ಯಾರ್ಥಿಯಾಗಿ 1965ರಿಂದ 1968ರವರೆಗೆ ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ಕ್ಷೇತ್ರಕಾರ್ಯ ಮಾಡಿದರು. ಅವರು ಆರಿಸಿಕೊಂಡದ್ದು ನೀಮಾ ಎಂಬ ಬಡ ಬಡಾವಣೆ. ದೇಶದ ಉತ್ತರ ಭಾಗದಿಂದ ಕೂಲಿ ಅರಸಿ ಬಂದ ಜನ ಅಲ್ಲಿ ತುಂಬಿದ್ದರು. ಪುಸ್ತಕದ ಅರ್ಥಶಾಸ್ತ್ರದ ಪ್ರಕಾರ ಅವರಲ್ಲಿ ಬಹಳಷ್ಟು ಮಂದಿ 'ನಿರುದ್ಯೋಗಿಗಳು'. ಹಾರ್ಟ್ ಕಂಡದ್ದು ಬೇರೆಯೇ. ಅಲ್ಲಿ ಸುಮ್ಮನೆ ಕೂತವರೇ ಕಡಿಮೆ. ಬಟ್ಟೆ ಹೊಲಿಯುವವರು, ತಲೆಯ ಮೇಲೆ ಹೊತ್ತು ಮಾರುವವರು, ಶೂ ಪಾಲಿಶ್ ಮಾಡುವವರು, ಸಣ್ಣ ಸಾಲ ಕೊಡುವವರು, ಮನೆ ಬಾಡಿಗೆಗೆ ಕೊಡುವವರು. ಸಂಬಳದ ಕೆಲಸವಿದ್ದವನೂ ಸಂಜೆಗೆ ಇನ್ನೊಂದು ದಂಧೆ ಇಟ್ಟುಕೊಂಡಿದ್ದ. ಯಾವ ಸರಕಾರಿ ಲೆಕ್ಕದಲ್ಲೂ ಈ ಆದಾಯ ಇರಲಿಲ್ಲ.

1971ರ ಒಂದು ವಿಚಾರ ಸಂಕಿರಣದಲ್ಲಿ ಹಾರ್ಟ್ ಇದನ್ನು ಮಂಡಿಸಿದರು. 1973ರಲ್ಲಿ ಲೇಖನ ಅಚ್ಚಾಯಿತು. ಅಷ್ಟರೊಳಗೆ, 1972ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಕೀನ್ಯಾ ಕುರಿತ ತನ್ನ ವರದಿಯಲ್ಲಿ ಇದೇ ಕಲ್ಪನೆಯನ್ನು ಬಳಸಿಕೊಂಡಿತ್ತು. ಇಂದು ನಾವು ಪತ್ರಿಕೆಗಳಲ್ಲಿ ದಿನವೂ ಓದುವ 'ಅನೌಪಚಾರಿಕ ವಲಯ' ಎಂಬ ಮಾತು ಜಗತ್ತಿನಲ್ಲಿ ಹರಡಿದ್ದು ಹೀಗೆ. ನಮ್ಮ ಮನೆಗಳಲ್ಲಿ ಬೀಡಿ ಕಟ್ಟುವ ತಾಯಂದಿರು, ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಗಳು, ಗುಜರಿ ಅಂಗಡಿಯವರು ಎಲ್ಲರೂ ಆ ಮಾತಿನೊಳಗೆ ಬರುತ್ತಾರೆ. ಹೆಸರಿಲ್ಲದ್ದಕ್ಕೆ ಯೋಜನೆಯೂ ಇರುವುದಿಲ್ಲ. ವಿದ್ಯಾರ್ಥಿಯೊಬ್ಬರ ಕ್ಷೇತ್ರಕಾರ್ಯದಿಂದ ಅದಕ್ಕೊಂದು ಹೆಸರು ಸಿಕ್ಕಿತು.

ಎರಡನೆಯವರು ಜಾನಿಸ್ ಪರ್ಲ್‌ಮನ್. ಅಮೆರಿಕದ ಎಂ.ಐ.ಟಿ.ಯ ಪಿಎಚ್.ಡಿ. ವಿದ್ಯಾರ್ಥಿನಿ. 1968-69ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊಗೆ ಹೋಗಿ ಅಲ್ಲಿನ ಕೊಳೆಗೇರಿಗಳಲ್ಲಿ ವಾಸವಿದ್ದು 750 ಮಂದಿಯನ್ನು ಸಂದರ್ಶಿಸಿದರು. ಆಗ ಅಲ್ಲಿದ್ದದ್ದು ಸೇನಾ ಸರಕಾರ. ಕೊಳೆಗೇರಿಯವರು ಹಳ್ಳಿಯ ರೂಢಿ ಬಿಡದವರು, ಸೋಮಾರಿಗಳು, ಅಪರಾಧಿಗಳು, ನಗರಕ್ಕೆ ಹೊಂದದವರು ಎಂಬ ನಂಬಿಕೆಯ ಮೇಲೆಯೇ ಗುಡಿಸಲುಗಳನ್ನು ಕೆಡವಲಾಗುತ್ತಿತ್ತು. ಪರ್ಲ್‌ಮನ್ ಆ ನಂಬಿಕೆಯ ಒಂದೊಂದು ಮಾತನ್ನೂ ತಮ್ಮ ಸಂದರ್ಶನಗಳೊಂದಿಗೆ ಹೋಲಿಸಿ ನೋಡಿದರು. ಈ ಜನ ನಗರದ ಹೊರಗಿಲ್ಲ. ನಗರವನ್ನು ಕಟ್ಟುವವರು, ತೊಳೆಯುವವರು, ಅದಕ್ಕೆ ಅಡುಗೆ ಮಾಡಿ ಬಡಿಸುವವರು ಇವರೇ, ಆದರೆ ಪ್ರತಿಫಲದಲ್ಲಿ ಮಾತ್ರ ಇವರಿಗೆ ಪಾಲಿಲ್ಲ ಎಂದು ತೋರಿಸಿಕೊಟ್ಟರು. ಅವರು ಅಧ್ಯಯನ ಮಾಡಿದ ಮೂರು ಸ್ಥಳಗಳಲ್ಲಿ ಒಂದಾದ ಕಟಕುಂಬಾವನ್ನು 1970ರಲ್ಲಿ ಪೂರ್ತಿ ತೆರವು ಮಾಡಲಾಯಿತು. ಪುಸ್ತಕ ಬಂದದ್ದು 1976ರಲ್ಲಿ. ಅಂದರೆ ಆ ಮನೆಗಳನ್ನು ಉಳಿಸಲು ಪ್ರಬಂಧ ತಡವಾಗಿ ಬಂತು. ಇದನ್ನು ಮುಚ್ಚಿಡಬೇಕಾಗಿಲ್ಲ; ಸಂಶೋಧನೆಯ ಫಲ ಅನೇಕ ಸಲ ಮುಂದಿನ ಬೀದಿಗೆ ಸಿಗುತ್ತದೆ. ಆದರೂ ಅವರು ಕೈಬಿಡಲಿಲ್ಲ. ಮೂರು ದಶಕಗಳ ನಂತರ ಅದೇ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ, ಅವರ ಮಕ್ಕಳು, ಮೊಮ್ಮಕ್ಕಳು ಏನಾದರೆಂದು ದಾಖಲಿಸಿ 2010ರಲ್ಲಿ ಇನ್ನೊಂದು ಪುಸ್ತಕ ಬರೆದರು.

ಇವರಿಬ್ಬರಿಂದ ಕಲಿಯಬೇಕಾದ ಪಾಠ ಸ್ಪರ್ಧೆಗೆ ಬರೆಯುವವರಿಗೆ ನೇರವಾಗಿ ಅನ್ವಯಿಸುತ್ತದೆ. 'ಭಾರತದಲ್ಲಿ ನಗರ ಬಡತನ: ಒಂದು ಅವಲೋಕನ' ಎಂಬಂಥ ಪ್ರಬಂಧ ತೀರ್ಪುಗಾರರ ಮೇಜಿನಿಂದ ಮುಂದೆ ಹೋಗುವುದು ಕಷ್ಟ. ಅದರಲ್ಲಿರುವುದೆಲ್ಲ ಅವರಿಗೆ ಮೊದಲೇ ಗೊತ್ತು. ಪ್ರಶ್ನೆ ಚಿಕ್ಕದಿರಬೇಕು, ಸ್ಥಳ ನಿಶ್ಚಿತವಿರಬೇಕು, ಬರೆದವರು ಅಲ್ಲಿ ಕಾಲಿಟ್ಟಿರಬೇಕು.

ಹಾಗೆಯೇ, ಎಲ್ಲರೂ ಹೇಳುವ ಅಂಕಿಯನ್ನು ಪರೀಕ್ಷಿಸದೆ ಎತ್ತಿಕೊಳ್ಳಬಾರದು. ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲಿ ಹತ್ತು ಲಕ್ಷ ಜನರಿದ್ದಾರೆಂದು ವರ್ಷಗಟ್ಟಲೆ ಬರೆಯುತ್ತ ಬಂದರು. 2009ರ ಕೀನ್ಯಾ ಜನಗಣತಿ ಎಣಿಸಿದ್ದು ಸುಮಾರು 1,70,000. ಗಣತಿಯ ಬಗ್ಗೆಯೂ ತಕರಾರುಗಳಿವೆ, ಅದಿರಲಿ. ಆದರೆ ಶೌಚಾಲಯ ಎಷ್ಟು ಬೇಕು, ಶಾಲೆ ಎಷ್ಟು ಬೇಕು ಎಂದು ಲೆಕ್ಕ ಹಾಕುವವರಿಗೆ ಈ ಎರಡು ಅಂಕಿಗಳ ನಡುವಿನ ಅಂತರ ಸಣ್ಣದಲ್ಲ. ಕರುಣೆಯಿಂದ ಉಬ್ಬಿಸಿದ ಸಂಖ್ಯೆಯೂ ತಪ್ಪು ಸಂಖ್ಯೆಯೇ.

ಕರಾಚಿಯ ಓರಂಗಿಯಲ್ಲಿ 1980ರಲ್ಲಿ ಅಖ್ತರ್ ಹಮೀದ್ ಖಾನ್ ಕೆಲಸ ಆರಂಭಿಸಿದ ಬಗೆಯನ್ನೂ ಇಲ್ಲಿ ನೆನೆಯಬೇಕು. ಅವರು ಮೊದಲು ಪೈಪ್ ತರಲಿಲ್ಲ, ಪ್ರಶ್ನೆ ಕೇಳಿದರು: ಕೊಳಚೆ ನೀರು ಬೀದಿಯಲ್ಲೇ ಹರಿಯುತ್ತಿದ್ದರೂ ನೀವೇ ಏಕೆ ಚರಂಡಿ ಮಾಡಿಕೊಂಡಿಲ್ಲ? ಸರಕಾರ ಪುಕ್ಕಟೆ ಮಾಡಿಕೊಡುತ್ತದೆಂಬ ನಿರೀಕ್ಷೆ, ಗುತ್ತಿಗೆದಾರರ ದುಬಾರಿ ದರ, ತಾಂತ್ರಿಕ ತಿಳುವಳಿಕೆಯ ಕೊರತೆ, ನೆರೆಹೊರೆಯವರು ಒಟ್ಟಿಗೆ ಕೂರದಿರುವುದು ಇವೇ ಅಡ್ಡಿಗಳೆಂದು ತಿಳಿಯಿತು. ನಂತರ ಗಲ್ಲಿಗೊಂದು ಗುಂಪು, ಗುಂಪಿಗೊಬ್ಬ ಮುಂದಾಳು. ಮನೆಯ ಶೌಚಾಲಯ ಮತ್ತು ಗಲ್ಲಿಯ ಒಳಚರಂಡಿಯ ಖರ್ಚು ನಿವಾಸಿಗಳದ್ದು. ದೊಡ್ಡ ಕಾಲುವೆ ಮತ್ತು ಶುದ್ಧೀಕರಣ ಸರಕಾರದ್ದು. ಸುಮಾರು ಒಂದು ಲಕ್ಷ ಮನೆಗಳಿಗೆ ಈ ವ್ಯವಸ್ಥೆ ತಲುಪಿತು. ಮುಂದೆ ಈ ಕೆಲಸದ ನೇತೃತ್ವ ವಹಿಸಿದ ವಾಸ್ತುಶಿಲ್ಪಿ ಪರ್ವೀನ್ ರೆಹಮಾನ್ ಕರಾಚಿಯ ಚರಂಡಿ, ನೀರು ಮತ್ತು ಜನವಸತಿಗಳ ನಕ್ಷೆಗಳನ್ನು ಬಡಾವಣೆಯ ಯುವಕರಿಂದಲೇ ಮಾಡಿಸಿದರು. 2013ರ ಮಾರ್ಚ್‌ನಲ್ಲಿ ಅವರ ಹತ್ಯೆಯಾಯಿತು. ನಕ್ಷೆ ಬರೆಯುವುದು ನಿರುಪದ್ರವಿ ಕೆಲಸವೆಂದು ಯಾರೂ ತಿಳಿಯಬಾರದು. ನೆಲದ ಮೇಲೆ, ನೀರಿನ ಮೇಲೆ ಕಣ್ಣಿಟ್ಟವರಿಗೆ ನಕ್ಷೆ ಇಷ್ಟವಾಗುವುದಿಲ್ಲ.

ನಮ್ಮ ಮಕ್ಕಳು ವಿಷಯ ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ 'ಭೋಗ್ಯಕ್ಕೆ ಮನೆ' ಎಂಬ ಬೋರ್ಡು ನೋಡದವರಿಲ್ಲ. ಒಂದೇ ಗಂಟಿನಲ್ಲಿ ಕೆಲವು ಲಕ್ಷ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಿದ್ದು, ಬಿಡುವಾಗ ಹಣ ವಾಪಸು ಪಡೆಯುವ ಪದ್ಧತಿ. ಇದು ಬಡ್ಡಿಯ ಇನ್ನೊಂದು ರೂಪವೇ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಇದ್ದದ್ದೇ. ಸಂಶೋಧಕರ ಪ್ರಶ್ನೆ ಬೇರೆ: ಆ ಗಂಟು ಎಲ್ಲಿಂದ ಬಂತು? ಒಡವೆ ಮಾರಿದರೆ, ಊರಿನ ಜಮೀನು ಮಾರಿದರೆ, ಚೀಟಿ ಎತ್ತಿದರೆ? ಮಾಲೀಕರು ಹಣ ಹಿಂದಿರುಗಿಸದಿದ್ದರೆ ಬಾಡಿಗೆದಾರರು ಯಾರ ಬಳಿ ಹೋದರು? ಬಾಡಿಗೆ, ಸ್ವಂತ ಎಂಬ ಎರಡೇ ಕಾಲಮ್ ಇರುವ ಸಮೀಕ್ಷೆಯಲ್ಲಿ ಈ ಕುಟುಂಬ ಎಲ್ಲಿ ಬರುತ್ತದೆ? ಇಲ್ಲಿ ಹುಟ್ಟಿ ಬೆಳೆದವರಿಗೆ ಸಹಜವಾಗಿ ಹೊಳೆಯುವ ಈ ಪ್ರಶ್ನೆಗಳು ಹೊರಗಿನ ತಜ್ಞರಿಗೆ ಹೊಳೆಯಲು ವರ್ಷ ಬೇಕು. ಹಾಗೆಯೇ 1973ರ ಕರ್ನಾಟಕ ಕೊಳಗೇರಿ ಕಾಯ್ದೆಯಡಿ 'ಘೋಷಿತ'ವಾದ ಪ್ರದೇಶಕ್ಕೂ, ಪಕ್ಕದಲ್ಲೇ ಇದ್ದು ಘೋಷಣೆಯಾಗದ ಪ್ರದೇಶಕ್ಕೂ ನಲ್ಲಿಯಲ್ಲಿ, ಹಕ್ಕುಪತ್ರದಲ್ಲಿ ಏನು ವ್ಯತ್ಯಾಸ ಎಂಬುದು ಇನ್ನೊಂದು ಒಳ್ಳೆಯ ವಿಷಯ.

ಇಂಗ್ಲಿಷಿನ ಭಯ ಬೇಡ. ಅಂತರರಾಷ್ಟ್ರೀಯ ಸ್ಪರ್ಧೆಗೆ ಪ್ರಬಂಧ ಇಂಗ್ಲಿಷಿನಲ್ಲಿ ಬೇಕು, ನಿಜ. ಆದರೆ ಜನರ ಮಾತನ್ನು ಅವರು ಆಡಿದ ಕನ್ನಡದಲ್ಲೋ ಉರ್ದುವಿನಲ್ಲೋ ಬ್ಯಾರಿಯಲ್ಲೋ ಹಾಗೇ ಬರೆದುಕೊಳ್ಳಿ. ಭಾಷೆ ತಿದ್ದುವವರು ಆಮೇಲೆ ಸಿಗುತ್ತಾರೆ. ಸಂದರ್ಶನಕ್ಕೆ ಮೊದಲು ಅನುಮತಿ ಕೇಳಿ, ಬರೆಯುವಾಗ ಹೆಸರು ಮರೆಮಾಡಿ.

ಪಾಲಕರಲ್ಲಿ ಒಂದು ಮಾತು. ಮಗಳು ಪುಸ್ತಕ ಹಿಡಿದು ಮನೆಯಲ್ಲಿ ಕೂರದೆ ಗಲ್ಲಿ ಗಲ್ಲಿ ತಿರುಗುತ್ತಿದ್ದರೆ ಅದೂ ಓದೇ. ಸಂಸಾರ ನಡೆಯಬೇಕಾದ ಮನೆಯಲ್ಲಿ ಇನ್ನೆರಡು ವರ್ಷ ಸಂಬಳವಿಲ್ಲದೆ ಕಾಯುವುದು ಎಷ್ಟು ಕಷ್ಟ ಎಂಬುದು ಗೊತ್ತಿರುವುದರಿಂದಲೇ ದಾನಿಗಳಲ್ಲಿ ಈ ಕೋರಿಕೆ: ಕಾಲೇಜು ಶುಲ್ಕಕ್ಕೆ ರಸೀದಿ ಇರುತ್ತದೆ, ಕ್ಷೇತ್ರಕಾರ್ಯಕ್ಕೆ ಇರುವುದಿಲ್ಲ. ಆರು ತಿಂಗಳ ಬಸ್ ಚಾರ್ಜು, ಮಧ್ಯಾಹ್ನದ ಊಟ, ಪ್ರಶ್ನಾವಳಿಯ ಝೆರಾಕ್ಸ್, ಸಂಜೆ ಹೊತ್ತು ಜೊತೆಗೆ ಹೋಗುವ ತಮ್ಮನ ಟಿಕೆಟ್ಟು ಕೂಡ. ಹೊಸ ಲ್ಯಾಪ್‌ಟಾಪ್‌ಗಿಂತ ಈ ಖರ್ಚಿಗೆ ಕೊಟ್ಟ ಹಣ ಹೆಚ್ಚು ದೂರ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳು ಅರ್ಜಿಯೊಂದಿಗೆ ಒಂದು ಪುಟದ ಖರ್ಚಿನ ಅಂದಾಜು ಬರೆದು, ಮಾರ್ಗದರ್ಶಕರ ಸಹಿ ಹಾಕಿಸಿ, ಯಾವ ಬೀದಿಗೆ ಹೋಗುತ್ತೀರಿ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ.